ಅಡುಗೆ ಎಣ್ಣೆಯ ಅಳತೆ: ಮಿಲಿಲೀಟರ್‌ನಿಂದ ಗ್ರಾಂಗೆ, ಗ್ರಾಂನಿಂದ ಮಿಲಿಲೀಟರ್‌ಗೆ

ಪಾಕವಿಧಾನದಲ್ಲಿ 250 ಮಿ.ಲೀ. ಎಣ್ಣೆ ಎಂದಿದೆ, ಎದುರಿಗಿರುವುದು ತಕ್ಕಡಿ. ಇಲ್ಲವೇ 300 ಗ್ರಾಂ ಎಂದು ಬರೆದಿದೆ, ಮನೆಯಲ್ಲಿರುವುದು ಅಳತೆಯ ಕಪ್ ಮಾತ್ರ. ಇಂಥ ಹೊತ್ತಿನಲ್ಲಿ ಅನೇಕರು ಮಿಲಿಲೀಟರ್ ಮತ್ತು ಗ್ರಾಂ ಎರಡೂ ಒಂದೇ ಎಂದುಕೊಂಡು ಮುಂದೆ ಹೋಗುತ್ತಾರೆ. ನೀರಿನ ಮಟ್ಟಿಗೆ ಆ ಲೆಕ್ಕ ನಡೆಯುತ್ತದೆ, ಎಣ್ಣೆಗೆ ನಡೆಯುವುದಿಲ್ಲ. 250 ಮಿ.ಲೀ. ಎಣ್ಣೆ ಸುಮಾರು 230 ಗ್ರಾಂ ಮಾತ್ರ ತೂಗುತ್ತದೆ. ಆ ಜಾಗದಲ್ಲಿ 250 ಗ್ರಾಂ ಸುರಿದರೆ ಹೆಚ್ಚುಕಡಿಮೆ ಒಂದೂವರೆ ಟೇಬಲ್ ಚಮಚ ಎಣ್ಣೆ ಹೆಚ್ಚಾಗಿ ಬೀಳುತ್ತದೆ. ಒಗ್ಗರಣೆಗೆ ಅದು ಲೆಕ್ಕಕ್ಕಿಲ್ಲದಿರಬಹುದು. ಕೇಕಿಗೆ, ಬ್ರೆಡ್ಡಿಗೆ, ಪಥ್ಯದ ಲೆಕ್ಕಕ್ಕೆ, ಮನೆಯಲ್ಲಿ ಮಾಡುವ ಸಾಬೂನಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ. ಮಿ.ಲೀ. ಸಂಖ್ಯೆಯನ್ನು 0.92ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಗ್ರಾಂ ಸಂಖ್ಯೆಯನ್ನು 0.92ರಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ. ಲೆಕ್ಕ ಇಷ್ಟೇ. ಇಷ್ಟು ಗೊತ್ತಿದ್ದವರ ಅಳತೆಯೂ ತಪ್ಪುವುದುಂಟು, ಏಕೆಂದರೆ ಕಪ್ಪಿನ ಗಾತ್ರ ಬೇರೆಯಾಗಿರುತ್ತದೆ, ಚಮಚ ತುಂಬಿದ ರೀತಿ ಬೇರೆಯಾಗಿರುತ್ತದೆ, ಎಣ್ಣೆ ಬಿಸಿಯಾಗಿರುತ್ತದೆ, ಸ್ವಲ್ಪ ಎಣ್ಣೆ ಪಾತ್ರೆಗೇ ಅಂಟಿಕೊಂಡಿರುತ್ತದೆ. ಗುಣಾಕಾರಕ್ಕಿಂತ ಹೆಚ್ಚಿನ ಗಮನ ಬೇಡುವುದು ಇವೇ. ಆದ್ದರಿಂದ ಈ ಲೇಖನದಲ್ಲಿ ಸೂತ್ರಕ್ಕೆ ಕಡಿಮೆ ಜಾಗ, ಅಳೆಯುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಣ್ಣೆ ನೀರಿಗಿಂತ ಹಗುರ

ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ವಸ್ತು ಇದೆ ಎಂಬುದೇ ಅದರ ಸಾಂದ್ರತೆ. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿ.ಲೀ.ಗೆ 1 ಗ್ರಾಂ. 20 ಡಿಗ್ರಿಯಲ್ಲಿ 0.998. ಅಡುಗೆಗೆ ಬಳಸುವ ಸಸ್ಯಜನ್ಯ ಎಣ್ಣೆಗಳದ್ದು 20 ಡಿಗ್ರಿಯಲ್ಲಿ ಸುಮಾರು 0.91ರಿಂದ 0.925ರ ನಡುವೆ ಇರುತ್ತದೆ. ಎಣ್ಣೆಯ ಅಣುಗಳು ಉದ್ದನೆಯ ಇಂಗಾಲದ ಸರಪಳಿಗಳು. ಅವುಗಳ ತುಂಬ ಹಗುರವಾದ ಹೈಡ್ರೋಜನ್ ಇದೆ, ಆಮ್ಲಜನಕ ಕಡಿಮೆ. ಆ ಸರಪಳಿಗಳು ನೀರಿನ ಅಣುಗಳಷ್ಟು ಬಿಗಿಯಾಗಿ ಒತ್ತೊತ್ತಾಗಿ ಕೂರುವುದೂ ಇಲ್ಲ. ಹಾಗಾಗಿ ಅಷ್ಟೇ ಜಾಗದಲ್ಲಿ ತೂಕ ಕಡಿಮೆ.

ಇಲ್ಲಿ ಕಣ್ಣು ಮೋಸಹೋಗುತ್ತದೆ. ಎಣ್ಣೆ ನಿಧಾನವಾಗಿ, ಜಿಗುಟಾಗಿ ಸುರಿಯುವುದರಿಂದ ಅದು ನೀರಿಗಿಂತ ಭಾರ ಎನ್ನಿಸುತ್ತದೆ. ನಿಧಾನವಾಗಿ ಹರಿಯುವುದಕ್ಕೂ ಭಾರವಾಗಿರುವುದಕ್ಕೂ ಸಂಬಂಧವಿಲ್ಲ. ಒಂದು ಲೋಟ ನೀರಿಗೆ ಒಂದು ಹನಿ ಎಣ್ಣೆ ಹಾಕಿದರೆ ಅದು ಮೇಲೆ ತೇಲುವುದೇ ಇದಕ್ಕೆ ಸಾಕಷ್ಟು ಪುರಾವೆ. ಈ ತೇಲುವ ಹನಿಯನ್ನು ನೆನಪಿಟ್ಟುಕೊಂಡರೆ ಲೆಕ್ಕದ ದಿಕ್ಕು ತಪ್ಪುವುದಿಲ್ಲ: ಒಂದೇ ಪ್ರಮಾಣದ ಎಣ್ಣೆಗೆ ಮಿ.ಲೀ. ಸಂಖ್ಯೆ ಯಾವಾಗಲೂ ದೊಡ್ಡದು, ಗ್ರಾಂ ಸಂಖ್ಯೆ ಯಾವಾಗಲೂ ಚಿಕ್ಕದು. ಲೆಕ್ಕ ಮುಗಿದ ಮೇಲೆ ಗ್ರಾಂ ಸಂಖ್ಯೆ ದೊಡ್ಡದಾಗಿ ಬಂದಿದ್ದರೆ ಭಾಗಿಸಬೇಕಾದ ಕಡೆ ಗುಣಿಸಿದ್ದೀರಿ, ಅಥವಾ ಗುಣಿಸಬೇಕಾದ ಕಡೆ ಭಾಗಿಸಿದ್ದೀರಿ.

ಹಂತ 1: ಯಾವ ಸಂಖ್ಯೆ ಹಿಡಿಯಬೇಕು?

20 ಡಿಗ್ರಿಯಲ್ಲಿ ಕೆಲವು ಎಣ್ಣೆಗಳ ಸಾಂದ್ರತೆ ಹೆಚ್ಚುಕಡಿಮೆ ಹೀಗಿರುತ್ತದೆ:

ಸೂರ್ಯಕಾಂತಿ ಎಣ್ಣೆ: 0.92
ಸೋಯಾ ಎಣ್ಣೆ: 0.92
ಎಳ್ಳೆಣ್ಣೆ: 0.92
ಕಡಲೆಕಾಯಿ ಎಣ್ಣೆ: 0.915
ಸಾಸಿವೆ ಎಣ್ಣೆ: 0.915
ಆಲಿವ್ ಎಣ್ಣೆ: 0.913

ಕೊಬ್ಬರಿ ಎಣ್ಣೆ ಮತ್ತು ತಾಳೆ ಎಣ್ಣೆಯನ್ನು ಈ ಸಾಲಿಗೆ ಸೇರಿಸಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ತಾಳೆ ಎಣ್ಣೆಯೂ ತಣ್ಣಗಿದ್ದಾಗ ಅರೆಗಟ್ಟಿಯಾಗುತ್ತದೆ. ಹೀಗಾಗಿ ಗುಣಮಟ್ಟದ ಪಟ್ಟಿಗಳಲ್ಲಿ ಕೊಬ್ಬರಿ ಎಣ್ಣೆಯ ಸಾಂದ್ರತೆಯನ್ನು 40 ಡಿಗ್ರಿಗೆ, ತಾಳೆ ಎಣ್ಣೆಯದನ್ನು 50 ಡಿಗ್ರಿಗೆ ಕೊಡುವುದು ವಾಡಿಕೆ. ಅಲ್ಲಿ ತಾಳೆ ಎಣ್ಣೆಗೆ 0.89ರ ಆಸುಪಾಸಿನ ಸಂಖ್ಯೆ ಕಂಡು ಅದು ಉಳಿದ ಎಣ್ಣೆಗಳಿಗಿಂತ ತೀರಾ ಹಗುರ ಎಂದು ತಿಳಿಯಬೇಡಿ. ಅಳೆದದ್ದು ಬಿಸಿಯಲ್ಲಿ, ಅಷ್ಟೇ. ಕರಗಿದ ಸ್ಥಿತಿಯಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಇವೆರಡೂ 0.91ರಿಂದ 0.92ರ ಹತ್ತಿರವೇ ನಿಲ್ಲುತ್ತವೆ.

ಬಹು-ಅಪರ್ಯಾಪ್ತ (ಪಾಲಿಅನ್‌ಸ್ಯಾಚುರೇಟೆಡ್) ಕೊಬ್ಬು ಹೆಚ್ಚಿರುವ ಸೂರ್ಯಕಾಂತಿ, ಸೋಯಾ ಎಣ್ಣೆಗಳು ಸ್ವಲ್ಪ ಹೆಚ್ಚು ತೂಗುತ್ತವೆ, ಆಲಿವ್ ಎಣ್ಣೆ ಸ್ವಲ್ಪ ಕಡಿಮೆ. ಆದರೆ ಈ ಪಟ್ಟಿಯ ಎರಡು ತುದಿಗಳ ನಡುವಿನ ಅಂತರ ಶೇ. 1ನ್ನೂ ಮುಟ್ಟುವುದಿಲ್ಲ. ಕಾಲು ಲೀಟರ್‌ಗೆ ಎರಡು ಗ್ರಾಂ. ಅಡುಗೆಮನೆಯ ಕೆಲಸಕ್ಕೆ ಎಣ್ಣೆಗೊಂದು ಸಂಖ್ಯೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹಗಲಿನಲ್ಲಿ ಕೋಣೆ 20 ಡಿಗ್ರಿಯ ಸುತ್ತಮುತ್ತ ಇದ್ದರೆ 0.92, ಮೂವತ್ತರ ಮೇಲೆ ಏರುತ್ತಿದ್ದರೆ 0.91 ಹಿಡಿಯಿರಿ. ಒಂದು ಲೀಟರ್ ಪೊಟ್ಟಣದ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು, ಅಲ್ಲಿ 0.91ರ ಲೆಕ್ಕ ಹಿಡಿದಿದ್ದಾರೆ. ನಿಮ್ಮ ಪೊಟ್ಟಣದ ಮೇಲೆ ಲೀಟರ್ ಮತ್ತು ಗ್ರಾಂ ಎರಡೂ ಇದ್ದರೆ ಗ್ರಾಂ ಅನ್ನು ಮಿ.ಲೀ.ನಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ಎಣ್ಣೆಗೆ ಹತ್ತಿರದ ಸಾಂದ್ರತೆ, ಬೇರೆ ಪಟ್ಟಿ ಹುಡುಕಬೇಕಿಲ್ಲ.

ಹಂತ 2: ಕಪ್ ಎಂದರೆ ಎಷ್ಟು?

ನನ್ನ ಅನುಭವದಲ್ಲಿ ಅತಿ ದೊಡ್ಡ ತಪ್ಪು ನುಸುಳುವ ಜಾಗ ಇದು. 0.91 ಮತ್ತು 0.92ರ ನಡುವೆ ತಲೆ ಕೆಡಿಸಿಕೊಂಡವರು ಕಪ್ಪಿನ ಗಾತ್ರವನ್ನು ವಿಚಾರಿಸುವುದೇ ಇಲ್ಲ. ಆ ಮೊದಲಿನ ವ್ಯತ್ಯಾಸ ಶೇ. 1, ಕಪ್ಪಿನ ವ್ಯತ್ಯಾಸ ಶೇ. 40ರವರೆಗೂ ಹೋಗಬಲ್ಲದು.

ಅಮೆರಿಕದ ಅಡುಗೆ ಕಪ್ 236.6 ಮಿ.ಲೀ. ಅದೇ ದೇಶದಲ್ಲಿ ಪೌಷ್ಟಿಕಾಂಶದ ಚೀಟಿಗೆ ಬಳಸುವ ಕಪ್ 240 ಮಿ.ಲೀ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಮೆಟ್ರಿಕ್ ಕಪ್ 250 ಮಿ.ಲೀ. ಜಪಾನಿನ ಅಡುಗೆ ಕಪ್ 200 ಮಿ.ಲೀ. ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ಅರ್ಧ ಪಿಂಟ್ ಕಪ್ ಸಿಕ್ಕರೆ ಅದು 284 ಮಿ.ಲೀ. ಎಣ್ಣೆಯ ತೂಕಕ್ಕೆ ಇಳಿಸಿದರೆ ಜಪಾನಿನ ಕಪ್ 184 ಗ್ರಾಂ, ಅಮೆರಿಕದ್ದು 218 ಗ್ರಾಂ, ಮೆಟ್ರಿಕ್ ಕಪ್ 230 ಗ್ರಾಂ, ಬ್ರಿಟನ್ನಿನ ಹಳೆಯದು 261 ಗ್ರಾಂ. ಎಲ್ಲಕ್ಕೂ ಹೆಸರು ಕಪ್ ಎಂದೇ.

ಚಮಚದಲ್ಲೂ ಇದೇ ಕಥೆ, ಆದರೆ ಚಿಕ್ಕದು. ಟೀ ಚಮಚ ಎಲ್ಲೆಡೆ 5 ಮಿ.ಲೀ. ಎಂದು ಹಿಡಿಯಬಹುದು, ಅಂದರೆ 4.6 ಗ್ರಾಂ ಎಣ್ಣೆ. ಟೇಬಲ್ ಚಮಚ ಹೆಚ್ಚಿನ ಕಡೆ 15 ಮಿ.ಲೀ., ಅಂದರೆ 13.8 ಗ್ರಾಂ. ಆಸ್ಟ್ರೇಲಿಯಾದಲ್ಲಿ ಮಾತ್ರ ಅದು 20 ಮಿ.ಲೀ., ಅಂದರೆ 18.4 ಗ್ರಾಂ. ಊಟಕ್ಕೆ ಬಳಸುವ ಚಮಚಗಳನ್ನು ಈ ಲೆಕ್ಕಕ್ಕೆ ತರಲೇಬೇಡಿ. ಅವುಗಳ ಆಕಾರಕ್ಕೆ ಯಾವ ಕಟ್ಟುಪಾಡೂ ಇಲ್ಲ. ಒಂದೇ ಡ್ರಾಯರಿನಲ್ಲಿರುವ ಎರಡು ಚಮಚಗಳಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟು ಹಿಡಿಸಬಹುದು.

ಔನ್ಸ್ ಬಂದಾಗ ಇನ್ನೊಂದು ಎಚ್ಚರಿಕೆ. ದ್ರವ ಔನ್ಸ್ ಗಾತ್ರದ ಅಳತೆ, ಬರೀ ಔನ್ಸ್ ತೂಕದ ಅಳತೆ. ತೂಕದ ಔನ್ಸ್ 28.35 ಗ್ರಾಂ. ಅಮೆರಿಕದ ದ್ರವ ಔನ್ಸ್ 29.57 ಮಿ.ಲೀ., ಬ್ರಿಟನ್ನಿನದು 28.41 ಮಿ.ಲೀ. ಅಮೆರಿಕದ ಪಾಕವಿಧಾನದಲ್ಲಿ 8 ಔನ್ಸ್ ಎಣ್ಣೆ ಎಂದಷ್ಟೇ ಇದ್ದರೆ ಅದು ದ್ರವ ಔನ್ಸ್ ಆಗಿದ್ದಲ್ಲಿ 218 ಗ್ರಾಂ, ತೂಕದ ಔನ್ಸ್ ಆಗಿದ್ದಲ್ಲಿ 227 ಗ್ರಾಂ. ಬರೆದವರು ಹಿಟ್ಟನ್ನು ಯಾವುದರಲ್ಲಿ ಕೊಟ್ಟಿದ್ದಾರೆ ಎಂದು ನೋಡಿ. ಹಿಟ್ಟೂ ಔನ್ಸ್‌ನಲ್ಲಿದ್ದರೆ ಅವರು ತೂಗುವವರು, ಎಣ್ಣೆಯನ್ನೂ ತೂಕದಲ್ಲೇ ಕೊಟ್ಟಿರುವ ಸಂಭವ ಹೆಚ್ಚು. ಹಿಟ್ಟು ಕಪ್ಪಿನಲ್ಲಿದ್ದರೆ ದ್ರವ ಔನ್ಸ್ ಎಂದು ತಿಳಿಯುವುದು ವಾಸಿ.

ಹಂತ 3: ಗುಣಿಸಿ ಅಥವಾ ಭಾಗಿಸಿ

ಅಳತೆಯನ್ನು ಮೊದಲು ಮಿ.ಲೀ.ಗೆ ತನ್ನಿ, ಆಮೇಲೆ ಗುಣಿಸಿ. ಕಪ್ಪಿನಿಂದ ನೇರವಾಗಿ ಗ್ರಾಂಗೆ ಹಾರಬೇಡಿ. ಪಾಕವಿಧಾನ ಅಮೆರಿಕದ್ದು, ಅದರಲ್ಲಿ ಮುಕ್ಕಾಲು ಕಪ್ ಎಣ್ಣೆ ಬೇಕು ಎಂದಿಟ್ಟುಕೊಳ್ಳಿ. 236.6ರ ಮುಕ್ಕಾಲು ಭಾಗ 177.5 ಮಿ.ಲೀ. ಅದನ್ನು 0.92ರಿಂದ ಗುಣಿಸಿದರೆ 163 ಗ್ರಾಂ. ಬೇಕಾದ ತೂಕ ಅದು.

ಹಿಂದುಮುಂದಾಗಿ: 500 ಗ್ರಾಂ ಎಣ್ಣೆ ಬೇಕು, ತಕ್ಕಡಿ ಇಲ್ಲ. 500ನ್ನು 0.92ರಿಂದ ಭಾಗಿಸಿದರೆ 543 ಮಿ.ಲೀ. ಇಲ್ಲಿ ಅಭ್ಯಾಸಬಲದಿಂದ ಗುಣಿಸಿದವರಿಗೆ 460 ಬರುತ್ತದೆ, 83 ಮಿ.ಲೀ. ಎಣ್ಣೆ ಕೊರತೆ ಬೀಳುತ್ತದೆ. ತೇಲುವ ಹನಿಯ ಪರೀಕ್ಷೆ ಈ ತಪ್ಪನ್ನು ತಕ್ಷಣ ತೋರಿಸಿಕೊಡುತ್ತದೆ, ಏಕೆಂದರೆ ಮಿ.ಲೀ. ಸಂಖ್ಯೆ ಗ್ರಾಂಗಿಂತ ಚಿಕ್ಕದಾಗಿ ಬಂದಿದೆ.

ಕೈಗೆ ಎಣ್ಣೆ ಮೆತ್ತಿಕೊಂಡಿರುವಾಗ ಮೊಬೈಲ್ ಮುಟ್ಟಲು ಮನಸ್ಸಾಗುವುದಿಲ್ಲ. ಬಾಯಿಲೆಕ್ಕ ಸುಲಭವಿದೆ. ಮಿ.ಲೀ.ನಿಂದ ಗ್ರಾಂಗೆ ಹೋಗುವಾಗ ಹತ್ತನೇ ಒಂದು ಭಾಗ ತೆಗೆದುಕೊಳ್ಳಿ, ಅದರಲ್ಲಿ ಐದನೇ ಒಂದು ಭಾಗ ಬಿಡಿ, ಉಳಿದದ್ದನ್ನು ಮೂಲದಿಂದ ಕಳೆಯಿರಿ. 350 ಮಿ.ಲೀ.ಗೆ ಹತ್ತನೇ ಒಂದು 35, ಅದರ ಐದನೇ ಒಂದು 7, ಉಳಿದದ್ದು 28. 350ರಿಂದ 28 ಕಳೆದರೆ 322 ಗ್ರಾಂ. ಇದು 0.92ರ ಲೆಕ್ಕಕ್ಕೆ ತಪ್ಪದೆ ಕೂಡುತ್ತದೆ. 0.91 ಹಿಡಿದವರು ಹತ್ತನೇ ಒಂದು ಭಾಗದಲ್ಲಿ ಹತ್ತನೇ ಒಂದು ಮಾತ್ರ ಬಿಟ್ಟರೆ ಸಾಕು. ಗ್ರಾಂನಿಂದ ಮಿ.ಲೀ.ಗೆ ಬರುವಾಗ ನೂರಕ್ಕೆ ಒಂಬತ್ತು ಕೂಡಿಸಿ: 200 ಗ್ರಾಂಗೆ 218 ಮಿ.ಲೀ., 400 ಗ್ರಾಂಗೆ 436 ಮಿ.ಲೀ. ನಿಖರ ಉತ್ತರಕ್ಕೂ ಇದಕ್ಕೂ ಅರ್ಧದಿಂದ ಒಂದು ಮಿ.ಲೀ.ನಷ್ಟು ವ್ಯತ್ಯಾಸ.

ಹಂತ 4: ಅಳೆಯುವ ಕೈಕೆಲಸ

ತಕ್ಕಡಿ ಇದ್ದರೆ ಎಣ್ಣೆಯನ್ನು ತೂಗಿಯೇ ಹಾಕಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣವಿದೆ. ಕಪ್ಪಿನಲ್ಲಿ ಅಳೆದ ಎಣ್ಣೆ ಪೂರ್ತಿಯಾಗಿ ಕೆಳಗೆ ಬೀಳುವುದಿಲ್ಲ. ಕೋಣೆಯ ಬಿಸಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ನೀರಿಗಿಂತ ಹತ್ತಾರು ಪಟ್ಟು ಹೆಚ್ಚು. ಕಪ್ಪಿನ ಗೋಡೆಗೆ, ತಳದ ಅಂಚಿಗೆ ಒಂದು ಪದರ ಅಂಟಿ ಉಳಿಯುತ್ತದೆ. ಕಪ್ಪನ್ನು ಬೋರಲು ಹಿಡಿದು ಕಾದರೆ ಅಂಚಿನಿಂದ ಒಂದೊಂದೇ ಹನಿ ಇಳಿಯುತ್ತಲೇ ಇರುತ್ತದೆ. ಯಾರೂ ಅಷ್ಟು ಹೊತ್ತು ಕಾಯುವುದಿಲ್ಲ. ಮೆತ್ತನೆಯ ಸೌಟಿನಿಂದ ಒಳಗೋಡೆಯನ್ನು ಬಳಿದು ಹಾಕುವುದು ಒಂದು ದಾರಿ. ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ನೇರವಾಗಿ ಸುರಿಯುವುದು ಅದಕ್ಕಿಂತ ಒಳ್ಳೆಯ ದಾರಿ.

ಅಳತೆಯ ಗೆರೆಯ ವಿಚಾರವೂ ಇದೆ. 8 ಸೆಂ.ಮೀ. ಅಗಲದ ಕಪ್ಪಿನಲ್ಲಿ ಎಣ್ಣೆಯ ಮಟ್ಟ ಗೆರೆಗಿಂತ ಒಂದೇ ಒಂದು ಮಿಲಿಮೀಟರ್ ಮೇಲೆ ನಿಂತರೂ 5 ಮಿ.ಲೀ. ಹೆಚ್ಚಾಯಿತು, ಅಂದರೆ ಒಂದು ಟೀ ಚಮಚ. ನಿಂತುಕೊಂಡು ಮೇಲಿನಿಂದ ನೋಡಿದಾಗ ಒಂದು ಮಿಲಿಮೀಟರ್ ತಪ್ಪುವುದು ಏನೂ ಕಷ್ಟವಲ್ಲ. ಕಪ್ಪನ್ನು ಸಮತಟ್ಟಾದ ಕಟ್ಟೆಯ ಮೇಲಿಟ್ಟು, ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಎಣ್ಣೆಯ ಮೇಲ್ಮೈಯ ನಡುಭಾಗ ಗೆರೆಗೆ ಕೂಡಿದೆಯೇ ನೋಡಬೇಕು. ಗೋಡೆಗೆ ಹತ್ತಿದ ಅಂಚನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಯ್ಕೆ ಇದ್ದರೆ ಅಗಲ ಕಪ್ಪಿಗಿಂತ ಕಿರಿದಾದ, ಎತ್ತರದ ಅಳತೆಪಾತ್ರೆ ಮೇಲು: 4 ಸೆಂ.ಮೀ. ಅಗಲದ ಪಾತ್ರೆಯಲ್ಲಿ ಅದೇ ಒಂದು ಮಿಲಿಮೀಟರ್ ಒಂದೂಕಾಲು ಮಿ.ಲೀ.ನಷ್ಟು ಮಾತ್ರ.

ತೂಗುವ ಕ್ರಮ ಹೀಗೆ. ಖಾಲಿ ಪಾತ್ರೆಯನ್ನು ತಕ್ಕಡಿಯ ಮೇಲಿಡಿ. ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ. ಪರದೆಯ ಮೇಲೆ ಗ್ರಾಂ ಎಂದಿದೆಯೇ ನೋಡಿ. ಸುರಿಯಿರಿ. ಗುರಿಗೆ ಹತ್ತಿರ ಬಂದಾಗ ನಿಧಾನ ಮಾಡಿ, ಬಾಟಲಿ ಎತ್ತಿದ ಮೇಲೂ ಒಂದೆರಡು ಹನಿ ಬೀಳುತ್ತದೆ.

ಹಿಟ್ಟು ಒಲೆಯ ಮೇಲಿದ್ದು, ಆ ಪಾತ್ರೆಯನ್ನು ತಕ್ಕಡಿಗೆ ತರಲಾಗದಿದ್ದರೆ ಉಲ್ಟಾ ತೂಗಿ. ಎಣ್ಣೆಯ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಾಟಲಿ ಎತ್ತಿ ಪಾತ್ರೆಗೆ ಸುರಿದು, ಮತ್ತೆ ತಕ್ಕಡಿಯ ಮೇಲಿಡಿ. ಪರದೆ ಮೈನಸ್ 138 ತೋರಿಸಿದರೆ 138 ಗ್ರಾಂ ಹೋಗಿದೆ, ಅಂದರೆ 150 ಮಿ.ಲೀ. ನನಗೆ ಅತಿ ಇಷ್ಟವಾದ ವಿಧಾನ ಇದೇ. ತೊಳೆಯಲು ಕಪ್ ಇಲ್ಲ, ಅಂಟಿ ಉಳಿಯುವ ಎಣ್ಣೆಯೂ ಇಲ್ಲ. ಬಾಟಲಿಯಿಂದ ಹೊರಗೆ ಹೋದದ್ದು ಎಷ್ಟೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ.

ತಕ್ಕಡಿಗೂ ಮಿತಿಗಳಿವೆ. ಒಂದು ಗ್ರಾಂ ನಿಖರತೆಯ ತಕ್ಕಡಿಯಲ್ಲಿ ಒಂದು ಟೀ ಚಮಚ ಎಣ್ಣೆ 4 ಎಂದೂ ತೋರಬಹುದು, 5 ಎಂದೂ ತೋರಬಹುದು. ಅಷ್ಟು ಸಣ್ಣ ಪ್ರಮಾಣಕ್ಕೆ ಅಳತೆಯ ಚಮಚವೇ ಸರಿ. ಮಾತ್ರವಲ್ಲ, ಸೊನ್ನೆ ಮಾಡಿದ ಕೂಡಲೇ ಹನಿಹನಿಯಾಗಿ ಬಿಟ್ಟರೆ ಕೆಲವು ತಕ್ಕಡಿಗಳು ಆ ಸಣ್ಣ ಏರಿಕೆಯನ್ನು ಗಮನಿಸದೆ ಸೊನ್ನೆಯಲ್ಲೇ ನಿಲ್ಲುತ್ತವೆ. ಮೊದಲು ಒಂದಿಷ್ಟನ್ನು ಧಾರೆಯಾಗಿ ಸುರಿದು, ಹನಿಯನ್ನು ಕೊನೆಗೆ ಇಟ್ಟುಕೊಳ್ಳಿ.

ನಿಮ್ಮ ಚಮಚದ ನಿಜವಾದ ತೂಕ ತಿಳಿಯಲು ಹತ್ತು ಚಮಚ ಎಣ್ಣೆಯನ್ನು ಒಂದೇ ಬಟ್ಟಲಿಗೆ ಹಾಕಿ ತೂಗಿ, ಹತ್ತರಿಂದ ಭಾಗಿಸಿ. ಹತ್ತು ಟೇಬಲ್ ಚಮಚಕ್ಕೆ 131 ಗ್ರಾಂ ಬಂದರೆ ನಿಮ್ಮ ಕೈಯಲ್ಲಿ ಆ ಚಮಚ 13.1 ಗ್ರಾಂ ಹಾಕುತ್ತದೆ. ಲೆಕ್ಕದ 13.8ಕ್ಕಿಂತ ಅದು ಕಡಿಮೆ ಏಕೆಂದರೆ ಅಂಟಿ ಉಳಿದದ್ದು, ಅಂಚಿನವರೆಗೆ ತುಂಬದೆ ಬಿಟ್ಟದ್ದು ಎಲ್ಲವೂ ಅದರಲ್ಲೇ ಸೇರಿಹೋಗಿದೆ. ದಿನವೂ ಎಣ್ಣೆಯ ಲೆಕ್ಕ ಇಡುವವರಿಗೆ ಪುಸ್ತಕದ ಸಂಖ್ಯೆಗಿಂತ ಈ ಸಂಖ್ಯೆ ಹೆಚ್ಚು ಉಪಯೋಗಿ.

ತಕ್ಕಡಿಯ ಮಿ.ಲೀ. ಗುಂಡಿಯನ್ನು ನಂಬಬೇಡಿ

ಅಡುಗೆಮನೆಯ ಅನೇಕ ಡಿಜಿಟಲ್ ತಕ್ಕಡಿಗಳಲ್ಲಿ ಗ್ರಾಂನಿಂದ ಮಿ.ಲೀ.ಗೆ ಬದಲಿಸುವ ಗುಂಡಿ ಇರುತ್ತದೆ. ಅದು ಗಾತ್ರವನ್ನು ಅಳೆಯುತ್ತಿಲ್ಲ. ತೂಕವನ್ನೇ ಅಳೆದು, ಪಾತ್ರೆಯಲ್ಲಿರುವುದು ನೀರು ಎಂದು ಭಾವಿಸಿ ಸಂಖ್ಯೆ ತೋರಿಸುತ್ತದೆ. ಕೆಲವದರಲ್ಲಿ ಹಾಲಿಗೆ ಬೇರೆ ಗುರುತು ಇರುತ್ತದೆ; ಅದೂ ಎಣ್ಣೆಗೆ ಹೊಂದುವುದಿಲ್ಲ, ಹಾಲು ನೀರಿಗಿಂತ ತುಸು ಭಾರ. ಈ ಗುಂಡಿ ಒತ್ತಿಕೊಂಡು 100 ಮಿ.ಲೀ. ಎಣ್ಣೆ ಹಾಕಿದರೆ ನಿಜಕ್ಕೂ ಬಿದ್ದದ್ದು 100 ಗ್ರಾಂ, ಅಂದರೆ 109 ಮಿ.ಲೀ.ಗೆ ಹತ್ತಿರ. ತಕ್ಕಡಿಯನ್ನು ಯಾವಾಗಲೂ ಗ್ರಾಂನಲ್ಲೇ ಇಟ್ಟು, ಪರಿವರ್ತನೆಯನ್ನು ನೀವೇ ಮಾಡಿಕೊಳ್ಳುವುದು ಕ್ಷೇಮ. ಎಣ್ಣೆಗೆಂದೇ ಗುರುತು ಇರುವ ತಕ್ಕಡಿ ಸಿಕ್ಕರೆ ಅದರಲ್ಲಿ 92 ಗ್ರಾಂನ ಸುತ್ತ ತೂಕವಿಟ್ಟಾಗ 100 ಮಿ.ಲೀ. ತೋರುತ್ತದೆಯೇ ಎಂದು ಒಮ್ಮೆ ನೋಡಿ.

ಬಿಸಿಯಾದರೆ ಎಣ್ಣೆ ಉಬ್ಬುತ್ತದೆ

ತಾಪಮಾನ ಒಂದು ಡಿಗ್ರಿ ಏರಿದರೆ ಎಣ್ಣೆಯ ಸಾಂದ್ರತೆ ಸುಮಾರು 0.0007 ಇಳಿಯುತ್ತದೆ. ಸಂಖ್ಯೆ ಕ್ಷುಲ್ಲಕವೆನ್ನಿಸಬಹುದು, ಕೂಡಿದಾಗ ಹಾಗಲ್ಲ. 15 ಡಿಗ್ರಿಯ ಚಳಿಯಲ್ಲಿ ಅಳೆದ ಒಂದು ಲೀಟರ್‌ಗೂ 35 ಡಿಗ್ರಿಯ ಸೆಕೆಯಲ್ಲಿ ಅಳೆದ ಒಂದು ಲೀಟರ್‌ಗೂ 13-14 ಗ್ರಾಂ ವ್ಯತ್ಯಾಸ, ಹೆಚ್ಚುಕಡಿಮೆ ಒಂದು ಟೇಬಲ್ ಚಮಚ. ಮನೆಯ ಅಡುಗೆಗೆ ಇದನ್ನು ಬಿಟ್ಟುಬಿಡಬಹುದು. ಡಬ್ಬಗಟ್ಟಲೆ, ಪೀಪಾಯಿಗಟ್ಟಲೆ ಎಣ್ಣೆ ಬಳಸುವ ಅಡುಗೆಮನೆಗಳಿಗೆ ಬಿಡಲಾಗದು: 200 ಲೀಟರ್‌ಗೆ ಅದು ಎರಡೂವರೆ ಕಿಲೋ ದಾಟುತ್ತದೆ. ತೂಕ ಮಾತ್ರ ಚಳಿಗೂ ಸೆಕೆಗೂ ಬದಲಾಗುವುದಿಲ್ಲ. ದೊಡ್ಡ ಪ್ರಮಾಣದ ದಾಸ್ತಾನು ಪುಸ್ತಕವನ್ನು ಕಿಲೋದಲ್ಲಿ ಬರೆಯಬೇಕು ಎನ್ನುವುದು ಇದಕ್ಕೇ.

ಕರಿಯುವ ಎಣ್ಣೆಯಲ್ಲಿ ಈ ಉಬ್ಬುವಿಕೆ ಕಣ್ಣಿಗೇ ಕಾಣುತ್ತದೆ. 180 ಡಿಗ್ರಿ ತಲುಪುವ ಹೊತ್ತಿಗೆ ಸಾಂದ್ರತೆ 0.81ರ ಸುತ್ತ ಇಳಿದಿರುತ್ತದೆ; ತಣ್ಣಗಿದ್ದಾಗ ಒಂದು ಲೀಟರ್ ಇದ್ದದ್ದು 1.13 ಲೀಟರ್‌ನಷ್ಟು ಜಾಗ ಹಿಡಿಯುತ್ತದೆ. ಬಾಣಲೆಯನ್ನು ಅಂಚಿನವರೆಗೆ ತುಂಬಬಾರದು ಎನ್ನುವುದಕ್ಕೆ ನೊರೆಯೊಂದೇ ಕಾರಣವಲ್ಲ, ಇದೂ ಕಾರಣ. ಎಣ್ಣೆಯನ್ನು ತಣ್ಣಗಿರುವಾಗಲೇ ಅಳೆಯಿರಿ. ಉಳಿದ ಎಣ್ಣೆ ಎಷ್ಟಿದೆ ಎಂದು ತಿಳಿಯಬೇಕಿದ್ದರೆ ಪೂರ್ತಿ ಆರುವವರೆಗೆ ಕಾಯಿರಿ. ಕಾದ ಎಣ್ಣೆಯ ಪಾತ್ರೆಯನ್ನು ಗಾಜಿನ ಮೇಲ್ಮೈಯ ತಕ್ಕಡಿಯ ಮೇಲೆ ಎಂದಿಗೂ ಇಡಬೇಡಿ. ಗಾಜು ಒಡೆದರೆ ಕಾದ ಎಣ್ಣೆ ನಿಮ್ಮ ಕಾಲ ಮೇಲೆ ಬೀಳುತ್ತದೆ.

ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಊಹೆಯೇ ಸರಿ. ಕೆರೆದು ತೆಗೆದ ಚೂರುಗಳ ನಡುವೆ ಗಾಳಿ ಇರುತ್ತದೆ, ಮೇಲೆ ಗೋಪುರವೂ ಎದ್ದಿರುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ, ಕೊಬ್ಬು ಗಟ್ಟಿಯಾದಾಗ ಕುಗ್ಗುತ್ತದೆ. ಈ ಗೊಂದಲವೂ ಸೇರುತ್ತದೆ. ಒಂದೋ ತೂಗಿ, ಇಲ್ಲವೇ ಕರಗಿಸಿ ಅಳೆಯಿರಿ. ಪಾಕವಿಧಾನ ಗ್ರಾಂನಲ್ಲಿದ್ದರೆ ಕರಗಿಸುವ ಗೋಜೇ ಇಲ್ಲ.

ನಿಮ್ಮ ಎಣ್ಣೆಯ ಸಾಂದ್ರತೆಯನ್ನು ನೀವೇ ಕಂಡುಕೊಳ್ಳಿ

ಗಾಣದ ಎಣ್ಣೆ, ಬೆರಕೆ ಎಣ್ಣೆ, ಹೆಸರೇ ಕೇಳದ ಬೀಜದ ಎಣ್ಣೆ ಕೈಗೆ ಬಂದಾಗ ಪಟ್ಟಿ ಹುಡುಕುವ ಬದಲು ಮನೆಯಲ್ಲೇ ಅಳೆಯಬಹುದು. ಕುತ್ತಿಗೆ ಕಿರಿದಾದ ಅರ್ಧ ಲೀಟರ್ ಗಾಜಿನ ಬಾಟಲಿ, ಒಂದು ಗ್ರಾಂ ನಿಖರತೆಯ ತಕ್ಕಡಿ ಸಾಕು. ಪ್ರಯೋಗಾಲಯದಲ್ಲಿ ಮಾಡುವುದೂ ಇದೇ ತತ್ತ್ವದ ಮೇಲೆ. ಅವರ ಬಾಟಲಿ ಮತ್ತು ತಕ್ಕಡಿ ಹೆಚ್ಚು ಸೂಕ್ಷ್ಮವಾಗಿರುತ್ತವೆ.

ಕುತ್ತಿಗೆಯ ಮೇಲೆ ಒಂದು ಗೆರೆ ಎಳೆಯಿರಿ. ಒಣಗಿದ ಖಾಲಿ ಬಾಟಲಿಯನ್ನು ತೂಗಿ ಬರೆದುಕೊಳ್ಳಿ. ಗೆರೆಯವರೆಗೆ ನೀರು ತುಂಬಿ ತೂಗಿ. ನೀರು ಚೆಲ್ಲಿ, ಬಾಟಲಿಯನ್ನು ಸಂಪೂರ್ಣ ಒಣಗಿಸಿ, ಅದೇ ಗೆರೆಯವರೆಗೆ ಎಣ್ಣೆ ತುಂಬಿ ತೂಗಿ. ನೀರು ಮತ್ತು ಎಣ್ಣೆ ಎರಡೂ ಕೋಣೆಯ ಬಿಸಿಯಲ್ಲೇ ಇರಬೇಕು. ಎಣ್ಣೆಯೊಳಗೆ ಗುಳ್ಳೆಗಳು ಸಿಕ್ಕಿಕೊಂಡಿದ್ದರೆ ಅವು ಮೇಲೇರಿ ಹೋಗುವವರೆಗೆ ಬಿಡಿ, ಮಟ್ಟ ಇಳಿದರೆ ಮತ್ತೆ ಗೆರೆಗೆ ತನ್ನಿ.

ಉದಾಹರಣೆಗೆ ಖಾಲಿ ಬಾಟಲಿ 212 ಗ್ರಾಂ, ನೀರಿನೊಂದಿಗೆ 710, ಎಣ್ಣೆಯೊಂದಿಗೆ 670 ಎನ್ನಿ. ನೀರು 498 ಗ್ರಾಂ, ಎಣ್ಣೆ 458 ಗ್ರಾಂ. 458ನ್ನು 498ರಿಂದ ಭಾಗಿಸಿದರೆ 0.92. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ನೀರಿಗೆ ಹೋಲಿಸಿದ ಅನುಪಾತ. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.997 ಆದ್ದರಿಂದ ಅದರಿಂದ ಗುಣಿಸಿದರೆ 0.917 ಆಗುತ್ತದೆ. ಅಡುಗೆಗೆ ಈ ತಿದ್ದುಪಡಿ ಬೇಕಿಲ್ಲ. ಬಾಟಲಿ ಚಿಕ್ಕದಾಗಿದ್ದರೆ ಮಾತ್ರ ಜಾಗ್ರತೆ: 50 ಗ್ರಾಂ ಎಣ್ಣೆಯಲ್ಲಿ ಒಂದು ಗ್ರಾಂ ತಪ್ಪಿದರೆ ಶೇ. 2 ತಪ್ಪಿದಂತೆ, 458 ಗ್ರಾಂನಲ್ಲಿ ತಪ್ಪಿದರೆ ಶೇ. 0.2 ಮಾತ್ರ. 0.90ಕ್ಕಿಂತ ಕಡಿಮೆ ಅಥವಾ 0.94ಕ್ಕಿಂತ ಹೆಚ್ಚು ಬಂದರೆ ಎಣ್ಣೆಯನ್ನು ದೂರುವ ಮೊದಲು ಬಾಟಲಿಯಲ್ಲಿ ನೀರು ಉಳಿದಿತ್ತೇ, ಗೆರೆ ಒಂದೇ ಇತ್ತೇ ಎಂದು ನೋಡಿ, ಇನ್ನೊಮ್ಮೆ ಅಳೆಯಿರಿ. ಈ ಅಳತೆಯಿಂದ ಕಲಬೆರಕೆ ಪತ್ತೆಯಾಗುತ್ತದೆ ಎಂದು ಮಾತ್ರ ಭಾವಿಸಬೇಡಿ. ಒಂದು ಅಡುಗೆ ಎಣ್ಣೆಗೆ ಇನ್ನೊಂದನ್ನು ಬೆರೆಸಿದರೆ ಸಾಂದ್ರತೆ ಅಷ್ಟರಲ್ಲೇ ಇರುತ್ತದೆ.

ತೂಕವೇ ಬೇಕಾಗುವ ಸಂದರ್ಭಗಳು

ಬೆಣ್ಣೆಯ ಬದಲು ಎಣ್ಣೆ ಹಾಕುವಾಗ. ಸಾಮಾನ್ಯ ಬೆಣ್ಣೆಯಲ್ಲಿ ಕೊಬ್ಬು ಶೇ. 80ರ ಸುತ್ತ, ಉಳಿದದ್ದು ಬಹುಪಾಲು ನೀರು. 100 ಗ್ರಾಂ ಬೆಣ್ಣೆಯ ಕೊಬ್ಬಿಗೆ ಸಮನಾಗಲು 80 ಗ್ರಾಂ ಎಣ್ಣೆ ಸಾಕು, ಗಾತ್ರದಲ್ಲಿ 87 ಮಿ.ಲೀ. ಕಳೆದುಹೋದ ನೀರಿಗೆ ಪ್ರತಿಯಾಗಿ 16 ಗ್ರಾಂನಷ್ಟು ನೀರು ಅಥವಾ ಹಾಲು ಸೇರಿಸಿದರೆ ಹಿಟ್ಟಿನ ಹದ ಹತ್ತಿರ ಬರುತ್ತದೆ. ಬೆಣ್ಣೆ 100 ಗ್ರಾಂ ಎಂದು ಎಣ್ಣೆಯನ್ನೂ 100 ಮಿ.ಲೀ. ಹಾಕಿದರೆ 92 ಗ್ರಾಂ ಕೊಬ್ಬು ಬಿತ್ತು, ಕೇಕ್ ಜಿಡ್ಡಾಗುತ್ತದೆ.

ಬ್ರೆಡ್ ಮಾಡುವವರು ಹಿಟ್ಟಿನ ತೂಕದ ಶೇಕಡಾವಾರಿನಲ್ಲಿ ಮಾತಾಡುತ್ತಾರೆ. ಒಂದು ಕಿಲೋ ಹಿಟ್ಟಿಗೆ ಶೇ. 5 ಎಣ್ಣೆ ಎಂದರೆ 50 ಗ್ರಾಂ, 54 ಮಿ.ಲೀ.

ಕ್ಯಾಲೊರಿ ಎಣಿಸುವವರಿಗೆ: ಶುದ್ಧ ಕೊಬ್ಬಿನ ಒಂದು ಗ್ರಾಂಗೆ ಸುಮಾರು 9 ಕಿಲೋಕ್ಯಾಲೊರಿ. ಆದ್ದರಿಂದ 100 ಗ್ರಾಂ ಎಣ್ಣೆಗೆ 900, ಆದರೆ 100 ಮಿ.ಲೀ. ಎಣ್ಣೆಗೆ 828 ಮಾತ್ರ. ಚೀಟಿಯ ಮೇಲೆ ಯಾವುದನ್ನು ಹೇಳಿದ್ದಾರೆ ಎಂದು ಓದಿ. ಟೇಬಲ್ ಚಮಚವನ್ನು 15 ಗ್ರಾಂ ಎಂದು ಬರೆದುಕೊಂಡರೆ 135, ನಿಜವಾದ 13.8 ಗ್ರಾಂಗೆ 124.

ಸಾಬೂನಿನ ವಿಚಾರವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾದ ಪ್ರಮಾಣವನ್ನು ಎಣ್ಣೆಯ ತೂಕದ ಮೇಲೆ ನಿರ್ಧರಿಸುತ್ತಾರೆ. 1000 ಗ್ರಾಂ ಆಲಿವ್ ಎಣ್ಣೆಗೆ ಸುಮಾರು 134 ಗ್ರಾಂ, ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಬೇಕು. ಒಂದು ಲೀಟರ್ ಆಲಿವ್ ಎಣ್ಣೆಯನ್ನು ಒಂದು ಕಿಲೋ ಎಂದುಕೊಂಡು 134 ಗ್ರಾಂ ಸೋಡಾ ಹಾಕಿದರೆ, ಅಲ್ಲಿರುವ 913 ಗ್ರಾಂ ಎಣ್ಣೆಗೆ ಬೇಕಾದದ್ದು 122 ಗ್ರಾಂ ಮಾತ್ರ. ಉಳಿದ 12 ಗ್ರಾಂ ಸೋಡಾ ಸಾಬೂನಿನಲ್ಲಿ ಹಾಗೇ ಕೂತು ಚರ್ಮವನ್ನು ಸುಡುತ್ತದೆ. ಇಲ್ಲಿ ಪರಿವರ್ತನೆಯ ಸೂತ್ರವನ್ನೂ ಬಳಸಬೇಡಿ, ಪ್ರತಿ ಎಣ್ಣೆಯನ್ನೂ ತೂಗಿ.

ಅಂಗಡಿಯಲ್ಲಿ ಪೊಟ್ಟಣಗಳನ್ನು ಹೋಲಿಸುವಾಗಲೂ ಇದೇ ಲೆಕ್ಕ. ಒಂದರ ಮೇಲೆ 1 ಲೀಟರ್, ಇನ್ನೊಂದರ ಮೇಲೆ 1 ಕಿಲೋ ಎಂದಿದ್ದು ಬೆಲೆ ಒಂದೇ ಆಗಿದ್ದರೆ ಕಿಲೋ ಪೊಟ್ಟಣ ತೆಗೆದುಕೊಳ್ಳಿ, ಅದರಲ್ಲಿ 90ರಿಂದ 100 ಮಿ.ಲೀ. ಹೆಚ್ಚು ಎಣ್ಣೆ ಇದೆ. ಬೆಲೆ ಬೇರೆಬೇರೆ ಇದ್ದರೆ ಲೀಟರ್ ಬೆಲೆಯನ್ನು 0.91ರಿಂದ ಭಾಗಿಸಿ, ಕಿಲೋ ಬೆಲೆ ಸಿಗುತ್ತದೆ, ನೇರವಾಗಿ ಹೋಲಿಸಬಹುದು. ಪೊಟ್ಟಣ ಮನೆಗೆ ತಂದು ಡಬ್ಬಕ್ಕೆ ಸುರಿಯುವಾಗ ಆ ಡಬ್ಬದ ಖಾಲಿ ತೂಕವನ್ನು ಅದರ ತಳದ ಮೇಲೆ ಬರೆದಿಡಿ. ಮುಂದೆ ಯಾವಾಗ ತಕ್ಕಡಿಯ ಮೇಲಿಟ್ಟರೂ ಎಷ್ಟು ಎಣ್ಣೆ ಉಳಿದಿದೆ ಎಂದು ಮುಚ್ಚಳ ತೆರೆಯದೆ ಗೊತ್ತಾಗುತ್ತದೆ.